ನಿನ್ನ ಸ್ವಿಂಗಿಗೆ ತಕ್ಕ ಕ್ಲಬ್

ಮಗಳೇ, ಹೊಸ ಗಾಲ್ಫ್ ಸೆಟ್ ಕೊಳ್ಳಲು ಸಂಬಳದಲ್ಲಿ ಹಣ ಕೂಡಿಡುತ್ತಿದ್ದೀಯಂತೆ. ಕೇಳಿ ತುಂಬಾ ಸಂತೋಷವಾಯಿತು. ಅಂಗಡಿಗೆ ಹೋಗುವ ಮೊದಲು ಈ ದೊಡ್ಡಪ್ಪನ ನಾಲ್ಕು ಮಾತು ಕೇಳಿಸಿಕೊ. ಕಂಪನಿಯ ಹೆಸರು ನೋಡಿ ಕ್ಲಬ್ ಆರಿಸಬೇಡ. ಟಿವಿಯಲ್ಲಿ ಕಂಡ ಆಟಗಾರ್ತಿಯ ಬ್ಯಾಗಿನಲ್ಲಿ ಏನಿದೆಯೋ ಅದೇ ನನಗೂ ಇರಲಿ ಅನ್ನಬೇಡ. ಬಳೆಗಾರ ಬಣ್ಣ ತೋರಿಸುವ ಮೊದಲು ಕೈ ಹಿಡಿದು, ಗೆಣ್ಣು ಒತ್ತಿ ನೋಡುತ್ತಾನೆ. ಅಳತೆ ಸಿಕ್ಕ ಮೇಲೆಯೇ ಬಳೆ ತೆಗೆಯುತ್ತಾನೆ. ಗಾಲ್ಫ್ ಕ್ಲಬ್ಬೂ ಹಾಗೆಯೇ ಬರಬೇಕು. ಮೊದಲು ನಿನ್ನ ಮೈಕಟ್ಟು ಮತ್ತು ಸ್ವಿಂಗ್, ಬ್ರಾಂಡ್ ಕಡೆಗೆ.

ಅಳತೆ ಅಂದರೆ ಬರೀ ಎತ್ತರವಲ್ಲ. ನಿಂತಾಗ ನಿನ್ನ ಮಣಿಕಟ್ಟು ನೆಲದಿಂದ ಎಷ್ಟು ಮೇಲಿದೆ ಅನ್ನುವುದನ್ನೂ ಕ್ಲಬ್ ಹೊಂದಿಸಿಕೊಡುವ ಫಿಟ್ಟರ್ ಅಳೆಯುತ್ತಾನೆ. ಎತ್ತರ ಒಂದೇ ಆದರೂ ಕೈ ಉದ್ದವಿರುವವರಿಗೆ ಒಂದು ಅಳತೆ, ಗಿಡ್ಡವಿರುವವರಿಗೆ ಇನ್ನೊಂದು. ಅದರಿಂದ ಸಿಗುವುದು ಅಂದಾಜು ಮಾತ್ರ. ನಿಜ ಗೊತ್ತಾಗುವುದು ಚೆಂಡು ಹೊಡೆದಾಗ. ಐರನ್ನಿನ ತಳಕ್ಕೆ ಟೇಪ್ ಅಂಟಿಸಿ, ಗಟ್ಟಿ ಹಲಗೆಯ ಮೇಲಿಂದ ಹೊಡೆಸುತ್ತಾರೆ. ಟೇಪಿನ ಮೇಲಿನ ಗೀರು ನಡುವೆ ಬಿದ್ದರೆ ಕೋನ ಸರಿ. ಹಿಮ್ಮಡಿಯ ಕಡೆ, ಅಂದರೆ ಶಾಫ್ಟಿನ ಕಡೆಗೆ ಬಿದ್ದರೆ ಕ್ಲಬ್ಬಿನ ತುದಿ ಮೇಲೆದ್ದಿದೆ ಎಂದರ್ಥ. ಬಲಗೈ ಆಟಗಾರರ ಚೆಂಡು ಎಡಕ್ಕೆ ಹೋಗುತ್ತದೆ. ತುದಿಯ ಕಡೆ ಬಿದ್ದರೆ ಬಲಕ್ಕೆ. ಶಾಫ್ಟಿಗೂ ನೆಲಕ್ಕೂ ನಡುವಿನ ಈ ಕೋನವನ್ನೇ ಲೈ ಕೋನ ಅನ್ನುವುದು. ಲಾಫ್ಟ್, ಅಂದರೆ ಕ್ಲಬ್ಬಿನ ಮುಖದ ಓರೆ, ಹೆಚ್ಚಿದ್ದಷ್ಟೂ ಈ ತಪ್ಪು ದೊಡ್ಡದಾಗಿ ಕಾಣುತ್ತದೆ. ಚೆಂಡು ಗುರಿಯ ತೀರಾ ಹತ್ತಿರ ಬೀಳಬೇಕಾದ ವೆಜ್ ಮತ್ತು 9-ಐರನ್‌ಗಳಲ್ಲೇ ಅದು ಹೆಚ್ಚು ಕಾಡುತ್ತದೆ. ಎಷ್ಟೋ ಮಕ್ಕಳು ಚೆಂಡು ಎಡಕ್ಕೆ ಹೋಗುತ್ತಿದೆಯೆಂದು ತಿಂಗಳುಗಟ್ಟಲೆ ತಮ್ಮ ಹಿಡಿತ ತಿದ್ದಿ ತಿದ್ದಿ, ಚೆನ್ನಾಗಿದ್ದ ಸ್ವಿಂಗನ್ನೇ ಕೆಡಿಸಿಕೊಳ್ಳುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ತಪ್ಪು ಕಬ್ಬಿಣದ್ದು, ಶಿಕ್ಷೆ ಮಗುವಿಗೆ.

ಈ ಲೈ ಕೋನದ ವಿಚಾರವನ್ನು ಮನೆಮಾತು ಮಾಡಿದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್‌ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆದವರು, 1959ರಲ್ಲಿ ತಮ್ಮ ಗ್ಯಾರೇಜಿನಲ್ಲಿ ಒಂದು ಪಟರ್ ಮಾಡಿ ಪಿಂಗ್ ಕಂಪನಿ ಕಟ್ಟಿದವರು. ಆ ಕಂಪನಿಯ ಐರನ್ನುಗಳ ಮೇಲೆ ಚುಕ್ಕೆಯೊಂದಿರುತ್ತದೆ, ನೋಡಿರುತ್ತೀ. ಅದರ ಬಣ್ಣ ಹೇಳುವುದು ಲೈ ಕೋನವನ್ನೇ. ಕಪ್ಪು ಚುಕ್ಕೆ ಸಾಮಾನ್ಯ ಕೋನದ್ದು, ಉಳಿದ ಬಣ್ಣಗಳು ಅದಕ್ಕಿಂತ ನೆಟ್ಟಗೆ ಅಥವಾ ಚಪ್ಪಟೆ.

ಇನ್ನು ಶಾಫ್ಟ್. ನೀನು ಹೆಣ್ಣುಮಗಳೆಂದು ಅಂಗಡಿಯವನು ನೇರವಾಗಿ ಲೇಡೀಸ್ ಸೆಟ್ ಮುಂದಿಟ್ಟಾನು. ಅದು ಸಾಮಾನ್ಯವಾಗಿ ಒಂದಿಂಚು ಗಿಡ್ಡ, ಶಾಫ್ಟ್ ಹಗುರ ಮತ್ತು ತೀರಾ ಬಳುಕು. ನಿನ್ನ ಬೀಸಿನ ವೇಗ ಆ ಶಾಫ್ಟಿಗೆ ಒಪ್ಪುವುದಕ್ಕಿಂತ ಹೆಚ್ಚಿದ್ದರೆ ಅದು ನಿನ್ನದಲ್ಲ, ಸಂಕೋಚಪಡದೆ ಹೇಳು. ಹಾಗೆಯೇ ಅಣ್ಣನ ಹಳೆ ಸ್ಟೀಲ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಿಕೊಳ್ಳುವುದೂ ಬೇಡ. ಕತ್ತರಿಸಿದಷ್ಟೂ ಅದು ಬಿಗಿಯಾಗುತ್ತದೆ. ಇನ್ನೊಂದು ವಿಷಯ ನೆನಪಿಟ್ಟುಕೊ. ಶಾಫ್ಟಿನ ಬಿಗಿ ಹೇಳುವ ಆರ್ (ರೆಗ್ಯುಲರ್), ಎಸ್ (ಸ್ಟಿಫ್) ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯೇ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಬಿಗಿ ಇರಬಹುದು. ಹಾಗಾಗಿ ಅಕ್ಷರ ನೋಡಿ ಕೊಳ್ಳದೆ ಹೊಡೆದು ನೋಡು.

ಫಿಟ್ಟಿಂಗ್ ದಿನ ಎಲ್ಲರೂ ಮಾಡುವ ಒಂದು ಕೆಲಸವಿದೆ. ಹೊಡೆತವನ್ನು ಅಳೆಯುವ ಲಾಂಚ್ ಮಾನಿಟರ್ ಎದುರು ನಿಂತ ಕೂಡಲೇ ಮೈಯಲ್ಲಿರುವ ಬಲವನ್ನೆಲ್ಲ ಸೇರಿಸಿ ಬೀಸುವುದು. ಪರದೆಯ ಮೇಲೆ ದೊಡ್ಡ ಅಂಕಿ ಬರುತ್ತದೆ, ಸುತ್ತ ನಿಂತವರು ಭೇಷ್ ಅನ್ನುತ್ತಾರೆ. ಆ ಬೀಸಿಗೆ ಹೊಂದುವ ಬಿಗಿ ಶಾಫ್ಟ್ ಮನೆಗೆ ಬರುತ್ತದೆ. ಆದರೆ ಹದಿನಾಲ್ಕನೇ ಹೋಲ್‌ನಲ್ಲಿ ಬಿಸಿಲಿಗೆ ಬಸವಳಿದಾಗ ಆ ಬೀಸು ಎಲ್ಲಿಂದ ಬರಬೇಕು? ನೀನು ದಿನವೂ ಆಡುವ ಸ್ವಿಂಗನ್ನೇ ಅಲ್ಲಿ ತೋರಿಸು. ಚೆಂಡು ಹೆಚ್ಚಾಗಿ ಯಾವ ಕಡೆ ಹೋಗುತ್ತದೆ, ಬೆನ್ನು ನೋಯುತ್ತದೆಯೇ, ವಾರಕ್ಕೆಷ್ಟು ಆಡುತ್ತೀ, ಎಲ್ಲವನ್ನೂ ಮುಚ್ಚಿಡದೆ ಹೇಳು. ಒಂದೇ ಒಂದು ಒಳ್ಳೆಯ ಹೊಡೆತ ನೋಡಿ ತೀರ್ಮಾನಿಸಬೇಡ. ಎಲ್ಲ ಹೊಡೆತಗಳೂ ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ನೋಡು. ಅತಿ ದೂರ ಹೋದ ಕ್ಲಬ್ಬಿಗಿಂತ ಚೆಂಡುಗಳನ್ನು ಒಂದೆಡೆ ಬೀಳಿಸುವ ಕ್ಲಬ್ ನಿನಗೆ ಆಪ್ತ.

ದೂರದ ಹುಚ್ಚಿಗೆ ನಮ್ಮ ಊರಿನಲ್ಲೇ ಉತ್ತರವಿದೆ. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಳು, ಪದಕ ಒಂದೇ ಸ್ಟ್ರೋಕಿನಲ್ಲಿ ತಪ್ಪಿತು. ಅವಳ ಡ್ರೈವ್ ಜೊತೆಯವರದಕ್ಕಿಂತ ಗಿಡ್ಡವಾಗಿಯೇ ಬೀಳುತ್ತಿತ್ತು. ಆದರೂ ಪಟ್ಟಿಂಗ್ ಮತ್ತು ನಿಖರತೆಯಿಂದ ಕೊನೆಯ ಹೋಲ್‌ವರೆಗೂ ಪದಕದ ಪೈಪೋಟಿಯಲ್ಲಿದ್ದಳು. ಆದ್ದರಿಂದ ಫಿಟ್ಟಿಂಗಿಗೆ ಹೋದಾಗ ಡ್ರೈವರಿನಲ್ಲೇ ಹೊತ್ತು ಕಳೆಯದೆ ಪಟರಿನ ಉದ್ದ, ಕೋನಗಳನ್ನೂ ಅಳೆಸು. ಪ್ರತಿ ಸುತ್ತಿನಲ್ಲೂ ಅತಿ ಹೆಚ್ಚು ಕೆಲಸ ಮಾಡುವ ಕ್ಲಬ್ ಅದೇ. ಅದನ್ನೇ ಜನ ಕಪಾಟಿನಿಂದ ಹಾಗೇ ಎತ್ತಿಕೊಂಡು ಬರುತ್ತಾರೆ.

ಬ್ಯಾಗಿನಲ್ಲಿ 14 ಕ್ಲಬ್‌ಗಳಿಗಷ್ಟೇ ಜಾಗ, ನಿಯಮ ಹಾಗಿದೆ. ತಳದ ಸಂಖ್ಯೆ ನಂಬಿ ಆ ಹದಿನಾಲ್ಕನ್ನು ತುಂಬಬೇಡ. ಹಿಂದೆ 7-ಐರನ್ ಲಾಫ್ಟ್ ಸುಮಾರು 34 ಡಿಗ್ರಿ ಇರುತ್ತಿತ್ತು. ಈಗಿನ ಎಷ್ಟೋ ಸೆಟ್‌ಗಳಲ್ಲಿ 30ಕ್ಕೂ ಕಡಿಮೆ. ಪಿಚಿಂಗ್ ವೆಜ್ 44ಕ್ಕೆ ಇಳಿದು, ಸ್ಯಾಂಡ್ ವೆಜ್ 56ರಲ್ಲೇ ಉಳಿದರೆ ನಡುವೆ ದೊಡ್ಡ ಕಂದಕ. ಅಲ್ಲೊಂದು ವೆಜ್ ಬೇಕು. ಹೊಡೆಯಲಾಗದ ಉದ್ದ ಐರನ್ ಬಿಟ್ಟು ಹೈಬ್ರಿಡ್ ಹಾಕಿಕೊ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಚೆಂಡು ಇಲ್ಲಿ ಸ್ವಲ್ಪ ಹೆಚ್ಚು ಹಾರುತ್ತದೆ. ಮಂಗಳೂರಿಗೋ ಚೆನ್ನೈಗೋ ಆಡಲು ಹೋದಾಗ ಇಲ್ಲಿಯ ಲೆಕ್ಕ ಹಿಡಿಯಬೇಡ.

ಗ್ರಿಪ್ ಬಗ್ಗೆ ಹೆಚ್ಚು ಹೇಳಲಾರೆ. ಹಿಡಿದಾಗ ಗ್ಲೌಸ್ ಹಾಕಿದ ಕೈಯ ನಡುವಿನ ಎರಡು ಬೆರಳುಗಳ ತುದಿ ಅಂಗೈಯನ್ನು ಮೆಲ್ಲಗೆ ಮುಟ್ಟಿದರೆ ಸಾಕು. ಗ್ರಿಪ್ ನುಣುಪಾದಂತೆ ಕೈ ಬಿಗಿಹಿಡಿಯುತ್ತದೆ, ಭುಜವೂ ಬಿಗಿಯುತ್ತದೆ. ಸವೆದ ಕೂಡಲೇ ಬದಲಿಸು.

ಈಗ ಕೋಚ್ ನಿನ್ನ ಸ್ವಿಂಗನ್ನೇ ಬುಡದಿಂದ ತಿದ್ದುತ್ತಿದ್ದರೆ ಇಡೀ ಸೆಟ್ ಕೊಳ್ಳಲು ಅವಸರ ಬೇಡ. ಸ್ವಿಂಗ್ ನೆಲೆ ನಿಂತ ಮೇಲೆ ಹೋಗು. ಅಲ್ಲಿವರೆಗೆ ಇರುವ ಐರನ್ನುಗಳ ಕೋನ ಬಗ್ಗಿಸಿಕೊಂಡು ಆಡಬಹುದು. ಎರಕದ ಕೆಲವು ಹೆಡ್‌ಗಳು ಹೆಚ್ಚು ಬಗ್ಗುವುದಿಲ್ಲ, ಬಲವಂತ ಮಾಡಿದರೆ ಮುರಿಯಬಹುದು, ಕೇಳಿ ಮಾಡಿಸು. ಕೊನೆಗೆ ಫಿಟ್ಟರ್ ಹತ್ತಿರ ಉದ್ದ, ಲೈ, ಲಾಫ್ಟ್, ಶಾಫ್ಟ್, ಗ್ರಿಪ್ ಎಲ್ಲವನ್ನೂ ಬರೆಸಿಕೊಂಡು ಬಾ. ಸೆಟ್ ಬಂದ ದಿನವೇ ಆ ಚೀಟಿ ಹಿಡಿದು ಒಂದೊಂದನ್ನೂ ಅಳೆಸಿ ತಾಳೆ ನೋಡು. ಗಟ್ಟಿ ಮ್ಯಾಟ್ ಮೇಲೆ ಹೊಡೆದೂ ಹೊಡೆದೂ ಮೆದು ಲೋಹದ ಐರನ್ನುಗಳ ಕೋನ ಜಾರುವುದುಂಟು. ವರ್ಷಕ್ಕೊಮ್ಮೆ ಅದನ್ನೂ ಅಳೆಸು.