ಹೈಸ್ಕೂಲು ಮಕ್ಕಳ ಸೇವೆಗೆ ಊರಿನ ಮನ್ನಣೆ



ಜುಲೈ ತಿಂಗಳ ಮೊದಲ ವಾರದಲ್ಲಿ ನಮ್ಮ ಹೈಸ್ಕೂಲುಗಳಲ್ಲಿ ವನಮಹೋತ್ಸವ ನಡೆಯುವುದನ್ನು ನೀವು ಕಂಡಿದ್ದೀರಿ. ಕೇಂದ್ರದಲ್ಲಿ ಕೃಷಿ ಮತ್ತು ಆಹಾರ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ಈ ಹಬ್ಬವು ಇಂದಿಗೂ ವರ್ಷ ತಪ್ಪದೆ ನಡೆದು ಬಂದಿದೆ. ಮಕ್ಕಳು ಗುಂಡಿ ತೋಡುತ್ತಾರೆ, ಅತಿಥಿಗಳು ಸಸಿಗೆ ಕೈ ಮುಟ್ಟಿಸಿ ನೀರೆರೆಯುತ್ತಾರೆ, ಚೆನ್ನಾಗಿ ದುಡಿದ ಹುಡುಗನಿಗೆ ಒಂದು ಬಹುಮಾನ ಕೊಟ್ಟು ಎಲ್ಲರೂ ಸಿಹಿ ತಿಂದು ಮನೆಗೆ ಹೋಗುತ್ತಾರೆ. ಮಾರನೆಯ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಹೋದರೆ ಕಾಣುವುದು ಬರಿಯ ಗುಂಡಿಗಳು.

ಈ ಪಾಠದ ವಿಷಯ ಗಿಡ ನೆಡುವ ಕ್ರಮವಲ್ಲ. ಊರಿಗಾಗಿ ಸ್ವಂತ ಇಚ್ಛೆಯಿಂದ ದುಡಿಯುವ ಹೈಸ್ಕೂಲು ಮಕ್ಕಳನ್ನು ಊರಿನವರು ಹೇಗೆ ಗುರುತಿಸಬೇಕು, ಯಾವಾಗ ಗುರುತಿಸಬೇಕು ಎಂಬುದು. ಗಿಡವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಏಕೆಂದರೆ ನಾನು ತಪ್ಪು ಮಾಡಿದ್ದೂ, ಆಮೇಲೆ ಕಲಿತದ್ದೂ ಅದರಲ್ಲಿಯೇ.

ಕೃಷಿ ಡಿಪ್ಲೊಮಾ ಮುಗಿಸಿ ಗ್ರಾಮಮಟ್ಟದ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಉತ್ಸಾಹ ಹೆಚ್ಚು. ಒಂದು ಊರಿನ ಹೈಸ್ಕೂಲು ಮಕ್ಕಳನ್ನು ಕೂಡಿಸಿಕೊಂಡು ಬಸ್ಸು ನಿಲ್ಲುವ ಕಟ್ಟೆಯಿಂದ ಕೆರೆ ಏರಿಯವರೆಗೆ ನೂರಕ್ಕೂ ಮೇಲ್ಪಟ್ಟು ಸಸಿ ನೆಡಿಸಿದೆ. ಎಲ್ಲರಿಗಿಂತ ಹೆಚ್ಚು ಗುಂಡಿ ತೋಡಿದವನು ಗಟ್ಟಿಮುಟ್ಟಾದ ಒಬ್ಬ ಹುಡುಗ. ಅವನಿಗೆ ಅಂದೇ ಎಲ್ಲರ ಎದುರಿಗೆ ಹೊದಿಸಿದ ಶಾಲು, ಕೊಟ್ಟ ಪೆನ್ನು, ತೆಗೆದ ಫೋಟೋ ಎಲ್ಲವೂ ಆಯಿತು. ಮುಂದಿನ ವಾರ ನೀರು ಹಾಕಲು ಬನ್ನಿ ಎಂದು ಕರೆದರೆ ಉಳಿದ ಮಕ್ಕಳು ಬರಲಿಲ್ಲ. ಬಹುಮಾನ ಪಡೆದವನೂ ಬರಲಿಲ್ಲ. ಅವನ ಪಾಲಿಗೆ ಕೆಲಸ ಮುಗಿದಿತ್ತು, ಉಳಿದವರ ಪಾಲಿಗೆ ಬಹುಮಾನ ಮುಗಿದಿತ್ತು. ಮುಂದಿನ ಏಪ್ರಿಲಿನಲ್ಲಿ ಎಣಿಸಿದಾಗ ಇಪ್ಪತ್ತು ಸಸಿಗಳೂ ಉಳಿದಿರಲಿಲ್ಲ. ಬಿತ್ತಿದ ದಿನವೇ ಕಣದ ಪೂಜೆ ಮಾಡಿ ರಾಶಿ ಹಂಚಿದವನ ಗತಿ ನನ್ನದಾಯಿತು.

ಉಳಿದಿದ್ದ ಆ ಕೆಲವು ಗಿಡಗಳಲ್ಲಿ ನಾಲ್ಕು ಬಸ್ಸಿನ ಕಟ್ಟೆಯ ಪಕ್ಕದಲ್ಲೇ ಇದ್ದವು. ಅವು ಹೇಗೆ ಬದುಕಿದವೆಂದು ಅಲ್ಲಿಯ ಚಹಾ ಅಂಗಡಿಯ ಅಜ್ಜಿಯನ್ನು ಕೇಳಿದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪಾತ್ರೆ ತೊಳೆದ ನೀರನ್ನು ದಿನವೂ ಸಂಜೆ ತಂದು ಹುಯ್ಯುತ್ತಿದ್ದಳಂತೆ. ನೆಡುವ ದಿನ ಅವಳು ಬಂದೇ ಇರಲಿಲ್ಲ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳಬೇಕಾಗಿತ್ತು. ನನ್ನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಫೋಟೋದಲ್ಲಿ ಮುಖವಿರಲಿಲ್ಲ. ಅಜ್ಜಿ ಹೇಳದಿದ್ದರೆ ಇಂದಿಗೂ ನನಗೆ ತಿಳಿಯುತ್ತಿರಲಿಲ್ಲ. ಮನ್ನಣೆಯೆಂಬುದು ಕೈತಪ್ಪಿ ಯಾರಿಗೆ ಹೋಗುತ್ತದೆ ಎಂಬುದು ಅಂದು ಅರ್ಥವಾಯಿತು.

ಹಾಗಾದರೆ ಯಾವಾಗ ಗುರುತಿಸಬೇಕು? ಗಿಡ ನೆಟ್ಟ ದಿನವಲ್ಲ, ಗಿಡ ಬದುಕಿದ ದಿನ. ನಮ್ಮ ಕಡೆಯ ಬಯಲುಸೀಮೆಯಲ್ಲಿ ಹೊಂಗೆ, ಬೇವುಗಳಂಥ ಗಿಡಕ್ಕೂ ಮೊದಲ ಎರಡು ಬೇಸಿಗೆಗಳೇ ಕಂಟಕ. ಅವನ್ನು ದಾಟಿದರೆ ಬೇರು ಆಳಕ್ಕಿಳಿದು ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಇದು ಶಾಲೆಯ ತರಗತಿಗಳಿಗೂ ಚೆನ್ನಾಗಿ ಹೊಂದುತ್ತದೆ. ಎಂಟನೆಯ ತರಗತಿಯ ಜುಲೈಯಲ್ಲಿ ಸಸಿ ವಹಿಸಿಕೊಂಡ ಮಗುವು ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಎರಡು ಬೇಸಿಗೆ ಕಳೆದಿರುತ್ತದೆ. ಆ ವರ್ಷದ ಜೂನ್ ಕೊನೆಯಲ್ಲಿ ಎಣಿಕೆ ಮಾಡಿ, ಆಗಸ್ಟ್ 15ರಂದು ಧ್ವಜವಂದನೆಯ ತರುವಾಯ ಊರೆದುರಿಗೆ ಹೆಸರು ಹಿಡಿದು ಕರೆಯಬಹುದು. ಒಂಬತ್ತನೆಯವರಿಗೆ ವಹಿಸಿದರೆ ಎರಡನೆಯ ಬೇಸಿಗೆಯು ಅವರ ಪರೀಕ್ಷೆಯ ಹೊತ್ತಿಗೇ ಬಂದು ಕೂರುತ್ತದೆ. ಆದುದರಿಂದ ಎಂಟನೆಯವರಿಂದ ಆರಂಭಿಸುವುದು ಮೇಲು.

ಹೇಗೆ ಗುರುತಿಸಬೇಕು ಎಂಬ ಮಾತು ಇನ್ನೂ ಮುಖ್ಯ. ನಮ್ಮಲ್ಲಿ ಬಹುಮಾನವೆಂದರೆ ಮೊದಲನೆಯವನು, ಎರಡನೆಯವನು, ಮೂರನೆಯವನು. ಓಟದ ಪಂದ್ಯಕ್ಕೆ ಅದು ಸರಿ. ಸೇವೆಗೆ ಅದು ಸಲ್ಲದು. ಒಬ್ಬನನ್ನು ಮೇಲಕ್ಕೆತ್ತಿದರೆ ಮೂವತ್ತು ಮಂದಿಯನ್ನು ಕೆಳಗಿಟ್ಟಂತೆ. ಸ್ಕೌಟುಗಳ ಪದ್ಧತಿಯನ್ನು ನೋಡಿ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯು 1950ರ ನವೆಂಬರ್ 7ರಂದು ಹಲವು ಸಂಘಗಳು ಕೂಡಿ ಆದದ್ದು. ಅಲ್ಲಿ ಮಕ್ಕಳು ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನಗಳನ್ನು ಹತ್ತಿ ರಾಜ್ಯ ಪುರಸ್ಕಾರಕ್ಕೆ, ಅಲ್ಲಿಂದ ರಾಷ್ಟ್ರಪತಿಗಳ ಪುರಸ್ಕಾರಕ್ಕೆ ಹೋಗುತ್ತಾರೆ. ಸೋಪಾನವೆಂದರೆ ಮೆಟ್ಟಿಲು. ಗೊತ್ತುಪಡಿಸಿದ ಕೆಲಸವನ್ನು ಯಾರು ಮಾಡಿ ತೋರಿಸುತ್ತಾರೋ ಅವರೆಲ್ಲರೂ ಆ ಮೆಟ್ಟಿಲನ್ನು ಹತ್ತಿದವರೇ. ಪಕ್ಕದವನನ್ನು ಸೋಲಿಸಬೇಕಾದದ್ದಿಲ್ಲ.

ಅಮೆರಿಕದ ಹಳ್ಳಿಗಳಲ್ಲಿಯೂ ಇಂಥದೇ ಕ್ರಮವಿದೆ. ಓಹಾಯೋ ರಾಜ್ಯದಲ್ಲಿ ಎ. ಬಿ. ಗ್ರಹಾಮ್ ಎಂಬ ಶಾಲಾಧಿಕಾರಿಗಳು 1902ರಲ್ಲಿ ರೈತರ ಮಕ್ಕಳ ಸಂಘವೊಂದನ್ನು ಕಟ್ಟಿದರು. ಮುಂದೆ ನಾಲ್ಕು ಎಲೆಯ ಗುರುತಿನ 4-ಎಚ್ ಸಂಘಗಳಾಗಿ ದೇಶವೆಲ್ಲ ಹರಡಿದ ಚಳವಳಿಯ ಮೊದಲು ಅದು. ಆ ಸಂಘಗಳ ಪ್ರದರ್ಶನಗಳಲ್ಲಿ ಮಕ್ಕಳು ಬೆಳೆದ ಜೋಳವನ್ನೋ ಸಾಕಿದ ಕರುವನ್ನೋ ಒಂದಕ್ಕೊಂದು ತೂಗದೆ, ಒಂದು ಗೊತ್ತಾದ ಅಳತೆಗೆ ಇಟ್ಟು ನೋಡುವ ಕ್ರಮವೊಂದುಂಟು. ಡೇನಿಷ್ ಪದ್ಧತಿ ಎಂದು ಅದಕ್ಕೆ ಹೆಸರು. ಬಹಳ ಚೆನ್ನಾಗಿದ್ದರೆ ನೀಲಿ ಪಟ್ಟಿ, ಚೆನ್ನಾಗಿದ್ದರೆ ಕೆಂಪು, ಇನ್ನೂ ತಿದ್ದಿಕೊಳ್ಳಬೇಕಾಗಿದ್ದರೆ ಬಿಳಿ. ಹತ್ತು ಮಂದಿಯದೂ ಬಹಳ ಚೆನ್ನಾಗಿದ್ದರೆ ಹತ್ತು ಮಂದಿಗೂ ನೀಲಿಯೇ.

ನಮ್ಮ ಅಳತೆಯನ್ನು ನಾವೇ ಗೊತ್ತುಮಾಡಿಕೊಳ್ಳೋಣ. ಒಂದು ಮಗುವಿಗೆ ಐದು ಸಸಿ ಸಾಕು. ಎರಡು ಬೇಸಿಗೆ ದಾಟಿ ಅವುಗಳಲ್ಲಿ ನಾಲ್ಕು ಬದುಕಿದ್ದರೆ ಆ ಮಗು ಊರಿನ ಮನ್ನಣೆಗೆ ಅರ್ಹ. ಒಣಗಿದ ಜಾಗದಲ್ಲಿ ಬೇರೆ ಸಸಿ ಇಟ್ಟು ಬೆಳೆಸಿದರೂ ಲೆಕ್ಕಕ್ಕೆ ಸೇರಿಸಬೇಕು. ಹಾಗೆ ಮಾಡಿದ ಮಗುವಿನ ಮೇಲೆ ನನಗೆ ಒಂದು ಗುಲಗಂಜಿಯಷ್ಟು ಪ್ರೀತಿ ಹೆಚ್ಚೇ.

ಗಂಟೆಯ ಲೆಕ್ಕ ಹಿಡಿಯಬಾರದೇ ಎಂದು ಕೆಲವು ಉಪಾಧ್ಯಾಯರು ಕೇಳಿದ್ದುಂಟು. ಮಹಾತ್ಮರ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವರ್ಷಕ್ಕೆ 240 ಗಂಟೆಯ ಸೇವೆಯೆಂಬ ಲೆಕ್ಕವಿದೆ. ದೊಡ್ಡ ಸಂಖ್ಯೆಯ ವಿದ್ಯಾರ್ಥಿಗಳಿಗೆ ಬೇರೆ ಲೆಕ್ಕ ಹಿಡಿಯುವುದು ಕಷ್ಟವಿರಬಹುದು. ನಮ್ಮ ಮಕ್ಕಳ ಕೆಲಸ ಬೇರೆ ಬಗೆಯದು. ವಾರಕ್ಕೆ ಎರಡು ಸಲ ಗಿಡಕ್ಕೆ ಒಂದೊಂದು ಬಿಂದಿಗೆ ನೀರು ಹಾಕುವುದಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅದರ ಬೆಲೆಯಿರುವುದು ತಪ್ಪದೆ ಹಾಕುವುದರಲ್ಲಿ. ಗಡಿಯಾರಕ್ಕೆ ಅದು ಕಾಣದು, ಗಿಡಕ್ಕೆ ಕಾಣುತ್ತದೆ.

ಇನ್ನು ಪುಸ್ತಕದ ವಿಚಾರ. ನೂರು ಹಾಳೆಯ ಒಂದು ನೋಟ್‌ಬುಕ್ಕು ಸಾಕು. ಒಂದು ಮಗುವಿಗೆ ಒಂದು ಹಾಳೆ. ಹೆಸರು, ತರಗತಿ, ಗಿಡಗಳ ಸಂಖ್ಯೆ, ಅವು ಇರುವ ಜಾಗ, ಆ ಜಾಗದ ಎದುರಿನ ಮನೆ ಅಥವಾ ಅಂಗಡಿಯವರ ಹೆಸರು. ಈ ಎದುರು ಮನೆಯವರೇ ಸಾಕ್ಷಿ. ಉಪಾಧ್ಯಾಯರು ಬೇರೆ ಊರಿಂದ ಬಂದು ಹೋಗುವವರು, ನಾನು ವಾರಕ್ಕೊಮ್ಮೆ ಬರುವವನು. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಗಿಡಕ್ಕೆ ನೀರು ಬೇಕಾಗುವುದು ಸರಿಯಾಗಿ ಆವಾಗಲೇ. ಆ ದಿನಗಳಲ್ಲಿ ಮಗು ಬಂದಿತೇ ಇಲ್ಲವೇ ಎಂಬುದನ್ನು ಜಗಲಿಯ ಮೇಲೆ ಕುಳಿತ ನೀವಲ್ಲದೆ ಬೇರೆ ಯಾರು ಬಲ್ಲರು? ತಿಂಗಳಿಗೊಮ್ಮೆ ಹಾಳೆಯ ಮೇಲೆ ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಬಿದ್ದರೆ ಸಾಕು.

ನನ್ನ ಎರಡನೆಯ ಸಲದ ಪುಸ್ತಕದಲ್ಲಿ ಒಂದು ಹಾಳೆಯ ಮೇಲೆ ಎರಡು ಹೆಸರಿವೆ. ಒಬ್ಬ ಹುಡುಗನ ತಂದೆತಾಯಿಗಳು ಬೇಸಿಗೆಯಲ್ಲಿ ಕೂಲಿಗೆಂದು ಬೆಂಗಳೂರಿಗೆ ಹೋಗುವವರು. ಹೊರಡುವ ಹಿಂದಿನ ದಿನ ಅವನು ಗೆಳೆಯನನ್ನು ಕರೆತಂದು ತನ್ನ ಐದು ಗಿಡಗಳನ್ನೂ ತೋರಿಸಿ, ಪುಸ್ತಕದಲ್ಲಿ ಬರೆಸಿ ಹೋದ. ಗೆಳೆಯ ಹತ್ತು ಗಿಡಗಳಿಗೆ ನೀರು ಹೊತ್ತ. ಮನ್ನಣೆ ಯಾರಿಗೆ ಎಂದು ಪಂಚಾಯಿತಿಯಲ್ಲಿ ಚರ್ಚೆಯಾಯಿತು. ಇಬ್ಬರಿಗೂ ಎಂದು ತೀರ್ಮಾನವಾದದ್ದು ನನಗೆ ಸಂತೋಷ ತಂದಿತು. ಜವಾಬ್ದಾರಿಯನ್ನು ಕೈಬಿಡದೆ ಕೈ ದಾಟಿಸುವುದೂ ಒಂದು ಸೇವೆಯೇ.

ಪ್ರಶಸ್ತಿಪತ್ರದಲ್ಲಿ ‘ಉತ್ತಮ ಸಮಾಜಸೇವೆ ಸಲ್ಲಿಸಿರುತ್ತಾರೆ’ ಎಂದು ಅಚ್ಚು ಹಾಕಿಸಿ ಹಂಚಬೇಡಿ. ಏನು ಮಾಡಿದರೋ ಅದನ್ನೇ ಬರೆಯಿರಿ. ‘ಇವರು ಕೆರೆ ಏರಿಯ ಬಳಿ ಐದು ಹೊಂಗೆ ಸಸಿಗಳನ್ನು ಎರಡು ಬೇಸಿಗೆ ನೀರೆರೆದು ಕಾಪಾಡಿದ್ದು, ಅವುಗಳಲ್ಲಿ ನಾಲ್ಕು ಈ ದಿನ ಜೀವಂತವಾಗಿವೆ’ ಎಂದು ಬರೆದು, ಎದುರು ಮನೆಯವರು, ಮುಖ್ಯೋಪಾಧ್ಯಾಯರು, ಪಂಚಾಯಿತಿ ಅಧ್ಯಕ್ಷರು ಸಹಿ ಹಾಕಲಿ. ಮಕ್ಕಳ ಗ್ರಾಮಸಭೆಯಲ್ಲಿಯೂ ಅದನ್ನು ಓದಿಸಬಹುದು. ಈ ಕಾಗದದಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಅಂಕ ಬರುವುದಿಲ್ಲ. ಬರುತ್ತದೆಂದು ಮಕ್ಕಳಿಗೆ ಆಸೆ ಹುಟ್ಟಿಸಬಾರದು. ದುಡ್ಡಿನ ಬಹುಮಾನವನ್ನೂ ನಾನು ಒಪ್ಪುವುದಿಲ್ಲ. ಒಂದು ವರ್ಷ ಕೊಟ್ಟು ಮರುವರ್ಷ ಕೊಡಲಾಗದಿದ್ದರೆ ಕೆಲಸವೇ ನಿಲ್ಲುತ್ತದೆ.

ಒಂದು ಕಡೆ ಮಾತ್ರ ಬಹಳ ಎಚ್ಚರ ಬೇಕು. ಸೇವೆಯ ಹೆಸರಿನಲ್ಲಿ ಇಂಥ ಕೇರಿಯ ಮಕ್ಕಳಿಗೆ ಚರಂಡಿ, ಅಂಥ ಕೇರಿಯ ಮಕ್ಕಳಿಗೆ ಹೂವಿನ ಪಾತಿ ಎಂದು ಹಂಚುವ ಅಭ್ಯಾಸ ಎಲ್ಲಿಯಾದರೂ ಇದ್ದರೆ ಅದು ಸೇವೆಯಲ್ಲ, ಹಳೆಯ ಬಿಟ್ಟಿಯೇ ಹೊಸ ಅಂಗಿ ತೊಟ್ಟು ಬಂದದ್ದು. ಮಲದ ಗುಂಡಿಯ ಒಳಗೆ ಕೈಯಿಂದ ಕೆಲಸ ಮಾಡಿಸುವುದು 2013ರ ಕಾಯ್ದೆಯಂತೆ ದೊಡ್ಡವರಿಗೂ ನಿಷಿದ್ಧ, ಮಕ್ಕಳ ಮಾತಂತೂ ಆಡುವಂತೆಯೇ ಇಲ್ಲ. ಯಾರಿಗೆ ಯಾವ ಗಿಡ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ. ಕಾಂಗ್ರೆಸ್ ಕಳೆಯನ್ನು ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವುದನ್ನೂ ನಿಲ್ಲಿಸಬೇಕು. ಅದರಿಂದ ಚರ್ಮದಲ್ಲಿ ತುರಿಕಜ್ಜಿ, ಕೆಲವರಿಗೆ ಉಬ್ಬಸ ಬರುವುದುಂಟು. ಬೇಡವೆಂದ ಮಗುವನ್ನು ಬಿಟ್ಟುಬಿಡಿ. ಬಲವಂತದಿಂದ ಮಾಡಿಸಿದ ಮೇಲೆ ಮನ್ನಣೆ ಕೊಡುವುದಕ್ಕೆ ಏನು ಉಳಿಯಿತು?

‘ಸ್ವಾಮಿ, ಮಗನನ್ನು ಓದಲಿಕ್ಕೆ ಕಳಿಸಿದ್ದೇವೆ, ಊರಿನ ನೀರು ಹೊರಲಿಕ್ಕಲ್ಲ’ ಎಂದು ಒಬ್ಬ ಯಜಮಾನರು ನನ್ನನ್ನು ಗದರಿಸಿದರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮಗ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ, ಮೂರು ಮೈಲಿ ನಡೆದು, ಸಂಜೆ ಮರಳಿ ಬರುತ್ತಾನೆ. ಐದಕ್ಕಿಂತ ಹೆಚ್ಚು ಗಿಡ ಬೇಡವೆಂದದ್ದು ಅದಕ್ಕಾಗಿಯೇ. ಹೆಣ್ಣುಮಕ್ಕಳಿಗಾದರೆ ಮನೆಯ ಹತ್ತಿರದ ಗಿಡ ಕೊಡಬೇಕು, ಕತ್ತಲಾಗುವ ಮೊದಲು ಕೆಲಸ ಮುಗಿಯಬೇಕು. ವಾರದಲ್ಲಿ ಎರಡು ಸಂಜೆ ಅರ್ಧ ಗಂಟೆ ಮನೆಗೆಲಸದಿಂದ ಅವರನ್ನು ಬಿಡುವುದು ತಂದೆತಾಯಿಗಳು ಕೊಡಬೇಕಾದ ಪಾಲು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಆಲದ ಸಾಲನ್ನು ನೋಡಿದವರು ನಿಮ್ಮಲ್ಲಿ ಹಲವರಿರಬಹುದು. ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಕೂಲಿನಾಲಿ ಮಾಡುತ್ತ ಕೊಡದಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಬೆಳೆಸಿದ ಮರಗಳು ಅವು. 385 ಎಂದು ಲೆಕ್ಕ. ರಾಷ್ಟ್ರೀಯ ಪೌರ ಪ್ರಶಸ್ತಿ ಅವರಿಗೆ ಬಂದದ್ದು 1995ರಲ್ಲಿ, ಪದ್ಮಶ್ರೀ 2019ರಲ್ಲಿ. ಚಿಕ್ಕಯ್ಯನವರು ಅದಾವುದನ್ನೂ ಕಾಣಲಿಲ್ಲ. ದೆಹಲಿಯ ಮನ್ನಣೆ ಬರಲು ಅಷ್ಟು ಕಾಲ ಹಿಡಿಯಿತು. ಊರಿನ ಮನ್ನಣೆಗೆ ಅಷ್ಟು ಕಾಲ ಬೇಕಿಲ್ಲ, ಎರಡು ಬೇಸಿಗೆ ಸಾಕು.

ಕೊನೆಯದಾಗಿ ಆಡಿನ ಮಾತು. ನನ್ನ ಪುಸ್ತಕದಲ್ಲಿ ಸತ್ತ ಗಿಡಗಳ ಎದುರಿಗೆ ಬರೆದ ಕಾರಣಗಳಲ್ಲಿ ‘ಒಣಗಿತು’ ಎಂಬುದಕ್ಕಿಂತ ‘ಆಡು ತಿಂದಿತು’ ಎಂಬುದೇ ಹೆಚ್ಚು. ಹೊಂಗೆ ಸೊಪ್ಪಿಗೆ ಆಡು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಅತ್ತಿ, ಅರಳಿ ಚಿಗುರನ್ನು ಬಿಡುವುದಿಲ್ಲ. ಆಡುಗಳು ಶಾಲೆಯವಲ್ಲ, ಪಂಚಾಯಿತಿಯವೂ ಅಲ್ಲ, ನಮ್ಮ ನಿಮ್ಮ ಮನೆಯವು. ಆಗಸ್ಟ್ 15ರಂದು ಮಕ್ಕಳಿಗೆ ಚಪ್ಪಾಳೆ ತಟ್ಟುವ ಯಜಮಾನರು ಮೊದಲ ಬೇಸಿಗೆಯಲ್ಲಿಯೇ ಮೂರು ಹೊರೆ ಜಾಲಿ ಮುಳ್ಳು ಕಡಿದು ಗಿಡಗಳ ಸುತ್ತ ಕಟ್ಟಿಕೊಡಲಿ. ಮೇ ತಿಂಗಳಲ್ಲಿ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ ತೋಡಿ ಬಿಸಿಲು ಕುಡಿಯಲು ಬಿಟ್ಟು, ಮೊದಲ ಮಳೆಗೆ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿಡಿ. ಪುಸ್ತಕದ ಮೊದಲ ಹಾಳೆಯನ್ನು ಗುಂಡಿ ತೋಡುವ ದಿನವೇ ಬರೆಯಿರಿ. ಮುಳ್ಳು ಯಾರು ತಂದರೆಂಬುದಕ್ಕೂ ಅದರಲ್ಲಿ ಒಂದು ಸಾಲು ಬಿಟ್ಟಿರಿ.