ಡಿಎ ಏರಿತು ಅಂದರೆ ಏನು ಏರಿತು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಯಾವ ಊರಿನ ನಿವೃತ್ತರು ಒಂದೆಡೆ ಕೂತರೂ ಮಾತು ‘ಡಿಎ ಎಷ್ಟಾತು?’ ಎಂಬಲ್ಲಿಂದಲೇ ಶುರು. ಯಾರೋ ಒಬ್ಬರು ತುಟ್ಟಿಭತ್ಯೆಯ ಶೇಕಡಾ ಹೇಳುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. ಪ್ರಾಥಮಿಕ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾಗಿ ಪಿಂಚಣಿಯಲ್ಲೇ ಮನೆ ನಡೆಸಲು ತೊಡಗಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಎಷ್ಟು ಶೇಕಡಾ ಎನ್ನುವುದಕ್ಕಿಂತ ಯಾವುದರ ಮೇಲೆ ಶೇಕಡಾ ಎನ್ನುವುದೇ ಮುಖ್ಯ.

ನನ್ನ ಲೆಕ್ಕವನ್ನೇ ಬಿಡಿಸಿಡುತ್ತೇನೆ. 2019ರಲ್ಲಿ ನಿವೃತ್ತನಾದಾಗ ಕೊನೆಯ ಮೂಲ ವೇತನ 46,400 ರೂಪಾಯಿ. ಅದರ ಅರ್ಧ, 23,200, ಮೂಲ ಪಿಂಚಣಿ. ಮೂರನೇ ಒಂದು ಪಾಲು ಕಮ್ಯುಟೇಶನ್ ಮಾಡಿಸಿ ಇಡಿಗಂಟು ಪಡೆದೆ, ಮನೆ ಸಾಲ ತೀರಿತು. ಆ ಲೆಕ್ಕಕ್ಕೆ ತಿಂಗಳಿಗೆ 7,733 ಕಡಿತ. ಉಳಿದ 15,467ರ ಮೇಲಷ್ಟೇ ಡಿಎ ಬರುತ್ತದೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಡಿಎ ಲೆಕ್ಕ ಹಾಕುವುದು ಕಡಿತಕ್ಕೆ ಮುಂಚಿನ ಪೂರ್ತಿ 23,200ರ ಮೇಲೆ. ಕಡಿತದ ಮೊತ್ತವಾದರೋ 15 ವರ್ಷವೂ ಅಷ್ಟೇ ಇರುತ್ತದೆ, ಬೆಲೆ ಏರಿತೆಂದು ಏರುವುದಿಲ್ಲ. ಮೊದಲ ವರ್ಷ ಹೊಟ್ಟೆ ಉರಿಸಿದ ಆ 7,733 ಈಗ ಅಷ್ಟಾಗಿ ಚುಚ್ಚುವುದಿಲ್ಲ.

ಗಾಬರಿ ಹುಟ್ಟಿದ್ದು 2024ರ ಆಗಸ್ಟ್‌ನಲ್ಲಿ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂತು, ಶೇ 42.50 ಇದ್ದ ಡಿಎ ಶೇ 8.50 ಆಯಿತು. ಹಗರಿಬೊಮ್ಮನಹಳ್ಳಿಯ ಗೆಳೆಯರೊಬ್ಬರು ಫೋನ್ ಮಾಡಿ, ‘ಮಾಸ್ತರ್ರೇ, 34 ಪರ್ಸೆಂಟ್ ನುಂಗಿಬಿಟ್ರಲ್ರೀ’ ಅಂದರು. ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು ಅವರಿಗೆ ಓದಿ ಹೇಳಿದೆ. ಜುಲೈ ತಿಂಗಳದು: ಮೂಲ 23,200, ಡಿಎ 9,860, ಶೇ 17ರ ಮಧ್ಯಂತರ ಪರಿಹಾರ 3,944, ಒಟ್ಟು 37,004. ಆಗಸ್ಟ್‌ನದು: 2022ರ ಜುಲೈವರೆಗಿನ ಶೇ 31 ಡಿಎ ಮತ್ತು ಶೇ 27.5 ಫಿಟ್‌ಮೆಂಟ್ ಎರಡೂ ಮೂಲಕ್ಕೆ ಸೇರಿ ಹೊಸ ಮೂಲ 36,772, ಅದರ ಮೇಲೆ ಶೇ 8.50 ಅಂದರೆ 3,126, ಒಟ್ಟು 39,898. ಯಾರೂ ಏನೂ ನುಂಗಿರಲಿಲ್ಲ, 2,894 ರೂಪಾಯಿ ಹೆಚ್ಚೇ ಬಂದಿತ್ತು. ಅದಕ್ಕಿಂತ ದೊಡ್ಡ ಲಾಭ ಮುಂದಿನದು. ಮೊದಲು ಡಿಎ ಒಂದು ಪರ್ಸೆಂಟ್ ಏರಿದರೆ ನನಗೆ 232 ರೂಪಾಯಿ, ಈಗ 368.

‘ಕೇಂದ್ರದವರಿಗೆ ಮೂರು, ನಮಗೆ ಎರಡೇಕಾಲು’ ಎಂಬ ಕೊರಗಿಗೂ ಉತ್ತರ ಇಲ್ಲೇ ಇದೆ. ಕೇಂದ್ರ ನೌಕರರ ಮೂಲ ವೇತನ 2016ರ ಜನವರಿಯ ಬೆಲೆಮಟ್ಟಕ್ಕೆ ಕಟ್ಟಿದ್ದು, ನಮ್ಮದು 2022ರ ಜುಲೈಯದಕ್ಕೆ. ಆ ನಡುವಿನ ಬೆಲೆಯೇರಿಕೆ ನಮ್ಮ ಮೂಲದೊಳಗೆ ಆಗಲೇ ಬೆರೆತಿರುವುದರಿಂದ ಕೇಂದ್ರದ ಒಂದು ಪರ್ಸೆಂಟ್‌ಗೆ ರಾಜ್ಯದಲ್ಲಿ 0.722 ಎಂಬ ಸೂತ್ರ. ಇದು ಗಣಿತ, ಮೋಸವಲ್ಲ.

ನಿಜವಾದ ನಷ್ಟ ಆಗುವುದು ಬೇರೆ ಕಡೆ, ತಡದಲ್ಲಿ. ಕಾರ್ಮಿಕ ಬ್ಯೂರೊ ದೇಶದ 88 ಕೈಗಾರಿಕಾ ಕೇಂದ್ರಗಳಲ್ಲಿ ಬೆಲೆ ಬರೆದುಕೊಂಡು ಸೂಚ್ಯಂಕ ಮಾಡುತ್ತದೆ, ಅದರ 12 ತಿಂಗಳ ಸರಾಸರಿಯ ಮೇಲೆ ಡಿಎ. ಅಂದರೆ ಕೊಡುವುದು ಆಗಲೇ ತೆತ್ತಾದ ಬೆಲೆಗೆ. ಮೇಲಾಗಿ ಆದೇಶವೂ ತಡ: 2024ರ ಎರಡನೇ ಕಂತಾದ ಶೇ 10.75ರ ಆದೇಶ ಹೊರಬಿದ್ದದ್ದು ನವೆಂಬರ್‌ನಲ್ಲಿ. ಸೂಚ್ಯಂಕದಲ್ಲಿ ಇನ್ನೊಂದು ಕೊರತೆಯೂ ಇದೆ; ಅದು ದುಡಿಯುವ ಕುಟುಂಬದ ಖರ್ಚನ್ನು ನೋಡಿ ಮಾಡಿದ್ದು. ಬಿಪಿ, ಶುಗರ್ ಗುಳಿಗೆ ನುಂಗುತ್ತಾ ಹರಪನಹಳ್ಳಿಯಿಂದ ದಾವಣಗೆರೆಗೆ, ಕೂಡ್ಲಿಗಿಯಿಂದ ಬಳ್ಳಾರಿಗೆ ಆಸ್ಪತ್ರೆ ಅಲೆಯುವ ಮುದುಕರ ಖರ್ಚು ಆ ತಕ್ಕಡಿಗೆ ಪೂರ್ತಿ ಬೀಳುವುದಿಲ್ಲ.

ತಡವಾದದ್ದು ಬಾರದೆಯೂ ಹೋಗಬಹುದೆಂದು ಕೋವಿಡ್ ಕಲಿಸಿತು. 2020ರ ಜನವರಿ, ಜುಲೈ ಹಾಗೂ 2021ರ ಜನವರಿಯ ಮೂರು ಕಂತು ತಡೆಹಿಡಿದರು. ಡಿಎ ಶೇ 11.25ರಲ್ಲೇ ನಿಂತಿತು. ಅಡುಗೆ ಎಣ್ಣೆ ಕೈಸುಡುವಷ್ಟು ತುಟ್ಟಿಯಾದದ್ದೂ ಆಗಲೇ. 2021ರ ಜುಲೈಯಿಂದ ದರವನ್ನು ಶೇ 21.50ಕ್ಕೆ ಏರಿಸಿದರು, 18 ತಿಂಗಳ ಬಾಕಿ ಮಾತ್ರ ಸಿಗಲಿಲ್ಲ. ತಾರೀಖಿನ ಆಟ ಇನ್ನೂ ಒಂದಿದೆ. 2022ರ ಜುಲೈಯಿಂದ 2024ರ ಜುಲೈ ನಡುವೆ ನಿವೃತ್ತರಾದವರಿಗೆ ಪಿಂಚಣಿ ಪರಿಷ್ಕರಣೆಯಾದರೂ ಗ್ರಾಚ್ಯುಟಿ, ಕಮ್ಯುಟೇಶನ್ ಹಳೇ ವೇತನದ ಮೇಲೆಯೇ ಆಯಿತು. ಒಂದೇ ಸೇವೆ, ಒಂದು ತಿಂಗಳ ಅಂತರ, ಲಕ್ಷಗಳ ವ್ಯತ್ಯಾಸ. ಅವರು ಬೀದಿಗಿಳಿದದ್ದರಲ್ಲಿ ತಪ್ಪೇನಿದೆ?

ಇಷ್ಟಾದರೂ ನಾವು ದೂರುವಾಗ ಪಕ್ಕಕ್ಕೆ ನೋಡಬೇಕು. ನನ್ನ ಕೈಯಲ್ಲಿ ಓದಿದ ಹುಡುಗ ಹಡಗಲಿ ಕಡೆ ಈಗ ಶಿಕ್ಷಕ. 2006ರ ಏಪ್ರಿಲ್ 1ರ ನಂತರ ಸೇರಿದ್ದರಿಂದ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಗೆ ಬಿದ್ದಿದ್ದಾನೆ. ನೌಕರಿಯಲ್ಲಿ ಇರುವವರೆಗೆ ಅವನಿಗೂ ಡಿಎ ಉಂಟು. ನಿವೃತ್ತಿಯ ಮರುದಿನದಿಂದ ಇಲ್ಲ. ಭವಿಷ್ಯ ನಿಧಿ ಸದಸ್ಯರ ಇಪಿಎಸ್-95 ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ 1,000 ರೂಪಾಯಿ ಆದದ್ದು ಅಲ್ಲೇ ನಿಂತಿದೆ, ಅದಕ್ಕೆ ಡಿಎ ಎಂಬುದೇ ಇಲ್ಲ. ನಮ್ಮ ಓಣಿಯ ಅಜ್ಜಿಗೆ ಬರುವ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿಗೂ ಸೂಚ್ಯಂಕದ ನಂಟಿಲ್ಲ. ಸಂತೆಯಲ್ಲಿ ಬೇಳೆ ಕೊಳ್ಳುವಾಗ ನಮಗೊಂದು, ಅವಳಿಗೊಂದು ದರ ಇರುವುದಿಲ್ಲ.

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರಕ್ಕೆ ಸೇರಿತು. ಜಿಲ್ಲೆ ಯಾವುದಾದರೂ ಡಿಎ ದರ ಒಂದೇ. ಬದಲಾಗುವುದು ನಾವು ಲೆಕ್ಕ ನೋಡುವ ರೀತಿ. ನಿವೃತ್ತಿ ಹತ್ತಿರ ಇರುವವರಿಗೆ ನಾನು ಹೇಳುವುದು ಇಷ್ಟೇ. ಪಿಂಚಣಿ ಪಾವತಿ ಆದೇಶದಲ್ಲಿರುವ (ಪಿಪಿಒ) ಮೂಲ ಪಿಂಚಣಿ, ಕಡಿತದ ಮೊತ್ತ, ಕಡಿತ ಮುಗಿಯುವ ತಿಂಗಳು ಮೂರನ್ನೂ ಒಂದು ವಹಿಯಲ್ಲಿ ಬರೆದಿಡಿ. ಪ್ರತಿ ಆದೇಶ ಬಂದಾಗ ಪಾಸ್‌ಬುಕ್ ಅಚ್ಚು ಹಾಕಿಸಿ ನೀವೇ ಗುಣಿಸಿ ನೋಡಿ; ವ್ಯತ್ಯಾಸ ಕಂಡರೆ ಅಂಕಿಯ ಸಮೇತ ಬರವಣಿಗೆಯಲ್ಲಿ ಕೇಳಿ. ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಮರೆಯಬೇಡಿ. ಮನೆಯ ಖರ್ಚನ್ನು ಇಂದಿನ ಡಿಎಗೆ ಹೊಂದಿಸಿ, ಬರಲಿರುವ ಡಿಎ ನೆಚ್ಚಿ ಸಾಲ ಮಾಡಬೇಡಿ. ಬಾಕಿ ಹಣ ಬಂದಾಗ ಔಷಧಿಗೆಂದು ತೆಗೆದಿಡಿ, ಸೂಚ್ಯಂಕ ಕಡಿಮೆ ತೂಗುವುದು ಅಲ್ಲೇ. ಸಂಘದ ಸಭೆಗೆ ಹೋದಾಗ ನಮ್ಮ ಒಂದು ಕಂತಿನ ಜೊತೆಗೆ, ಡಿಎಯೇ ಇಲ್ಲದವರ ಮಾತನ್ನೂ ಎತ್ತಿ.