ಹೊಳೆ ಏರಿದಾಗ ಹಳ್ಳ

ತಮ್ಮಾ, ಮುಂದಿನ ವಾರ ಕಲಬುರಗಿಯ ಐಸಿಯುನಲ್ಲಿ ನಿನ್ನ ಮೊದಲ ನೈಟ್ ಡ್ಯೂಟಿಯಂತೆ, ನಿಮ್ಮವ್ವ ಹೇಳಿದಳು. ಪುಸ್ತಕ ನೀನು ಓದಿದ್ದೀ. ಕುರಕುಂಟಾದವನಾಗಿ ಇಷ್ಟು ಕೇಳಿಸಿಕೋ.

ಮಳೆಗಾಲದಲ್ಲಿ ಮಳಖೇಡದ ಹತ್ತಿರ ಕಾಗಿಣಾ ಸೇತುವೆ ಮೇಲೆ ಹರಿಯುವುದನ್ನು ನೋಡಿದ್ದೀಯಲ್ಲ. ಹೊಳೆ ತುಂಬಿದರೆ ಅದಕ್ಕೆ ಸೇರುವ ಹಳ್ಳದ ನೀರು ಹಿಂದಕ್ಕೆ ಒತ್ತಿ ಹೊಲಕ್ಕೆ ನುಗ್ಗುತ್ತದೆ. ಆದರೆ ಹೊಳೆ ಹಳ್ಳದ ಮಟ್ಟಕ್ಕೆ ಏರುವವರೆಗೆ ಹಳ್ಳಕ್ಕೆ ಅದರ ಗೊಡವೆಯೇ ಇಲ್ಲ. ವೆಂಟಿಲೇಟರಿನ ಪೀಪನ್ನು, ಅಂದರೆ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡವನ್ನು, ಏರಿಸಿದಾಗಲೂ ಹಾಗೆಯೇ. ಎದೆಯೊಳಗಿನ ಒತ್ತಡ ಹೊಳೆ; ಮೆದುಳಿನಿಂದ ಇಳಿಯುವ ರಕ್ತನಾಳ ಹಳ್ಳ; ಬುರುಡೆಯೊಳಗಿನ ಒತ್ತಡವೇ ಹಳ್ಳದ ಮಟ್ಟ. ಬುರುಡೆಯೊಳಗಿನ ಒತ್ತಡ ಪಾದರಸದ 20 ಮಿಲಿಮೀಟರ್ ಇದ್ದವನಿಗೆ 5 ಸೆಂಟಿಮೀಟರ್ ನೀರಿನ ಪೀಪ್ ಯಾವ ಲೆಕ್ಕ? ಪಾದರಸದಲ್ಲಿ ಅಳೆದರೆ ಅದು 4 ಮಿಲಿಮೀಟರ್ ಕೂಡ ಆಗದು. ಗಟ್ಟಿಯಾದ ಶ್ವಾಸಕೋಶವಾದರೆ ಅದರಲ್ಲೂ ಬಹುಪಾಲು ತಾನೇ ನುಂಗುತ್ತದೆ. ಆದರೂ ತಲೆಗೆ ಪೆಟ್ಟಾದವರಿಗೆ ಪೀಪ್ ಬೇಡವೇ ಬೇಡ ಎನ್ನುವವರು ನಮ್ಮ ಕಾಲದಲ್ಲಿ ಬಹಳ ಇದ್ದರು. ಅವರಲ್ಲಿ ನಾನೂ ಒಬ್ಬ.

ಅದಕ್ಕೊಂದು ಕಾರಣವಿತ್ತು. ಎಲ್ಲಿ ಎಂದು ಕೇಳಬೇಡ, ಬೈಕಿನಿಂದ ಬಿದ್ದು ಬಂದ ಹುಡುಗನಿಗೆ ಪೀಪನ್ನು 5ರಿಂದ 12ಕ್ಕೆ ಏರಿಸಿದೆ. ಸ್ಯಾಚುರೇಷನ್ 98 ಬಂತು. ಖುಷಿಯಾಗಿ ಚಹಾಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಸರಾಸರಿ ಬಿಪಿ 52! ಎದೆ ಉಬ್ಬಿ ನಿಂತು ಹೃದಯಕ್ಕೆ ಮರಳುವ ರಕ್ತ ತಗ್ಗಿತ್ತು. ಪೆಟ್ಟಿಲ್ಲದ ಮೆದುಳಾದರೆ ಸರಾಸರಿ ಬಿಪಿ ಸುಮಾರು 60ರಿಂದ 150ರೊಳಗೆ ಎತ್ತ ಹೊರಳಿದರೂ ರಕ್ತನಾಳ ಹಿಗ್ಗಿಸಿ, ಕುಗ್ಗಿಸಿ, 100 ಗ್ರಾಮಿಗೆ ನಿಮಿಷಕ್ಕೆ 50 ಮಿಲಿಲೀಟರ್ ರಕ್ತವನ್ನು ಉಳಿಸಿಕೊಳ್ಳುತ್ತದೆ. ಪೆಟ್ಟು ತಿಂದ ಮೆದುಳಿಗೆ ಆ ಹಿಡಿತ ತಪ್ಪಿರುತ್ತದೆ. ಬಿಪಿ ಬಿದ್ದಷ್ಟೂ ರಕ್ತ ಬೀಳುತ್ತದೆ. ಹುಡುಗ ಉಳಿದ, ಪುಣ್ಯ. ಆಮೇಲೆ ವರ್ಷಗಟ್ಟಲೆ ಪೀಪನ್ನೇ ದೂರಿದೆ. ಖರೆ ಅಂದರೆ ತಪ್ಪು ಪೀಪಿನದಲ್ಲ. ರಕ್ತ ಸೋರಿ ಬತ್ತಿದ ಮೈಗೆ ಮೊದಲು ಸಲೈನ್, ರಕ್ತ ತುಂಬಿಸದೆ ಗುಂಡಿ ತಿರುಗಿಸಿದ ನನ್ನದು.

ಉಸಿರಿನ ಎಣಿಕೆಯನ್ನೂ ಸುಮ್ಮನೆ ಏರಿಸಬೇಡ. ಉಸಿರು ಹೆಚ್ಚಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ; ಅದು ಪಾದರಸದ ಒಂದೊಂದು ಮಿಲಿಮೀಟರ್ ಇಳಿದಾಗಲೂ ಮೆದುಳಿನ ರಕ್ತ ಸುಮಾರು ಶೇ. 3ರಷ್ಟು ಕಡಿಮೆಯಾಗುತ್ತದೆ.

ಪೀಪ್ ಬೇಕಾದವನಿಗೆ ಕೊಡು, ಹೆದರಬೇಡ. ಕೊಟ್ಟ ಮೇಲೆ ಮಾತ್ರ ಹಾಸಿಗೆ ಬಿಟ್ಟು ಕದಲಬೇಡ. ತಲೆ 30 ಡಿಗ್ರಿ ಮೇಲಿದೆಯೇ, ಕೊರಳು ನೆಟ್ಟಗಿದೆಯೇ, ಟ್ಯೂಬಿಗೆ ಕಟ್ಟಿದ ಪಟ್ಟಿ ಕೊರಳನ್ನು ಬಿಗಿದಿದೆಯೇ ನೋಡು. ಬಿಪಿ ನಿಂತಿತು ಅನಿಸಿದ ಮೇಲೆ ಚಹಾಕ್ಕೆ ಹೋಗು.